ಬೇರೆಯವರ ಉತ್ತರ ಬರೆಯುವವಳು

ಮಹಾನಂದಾಗೆ ನಲವತ್ತಮೂರು ವರ್ಷ. ಗದಗಿನ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ಓದಿದ್ದು ಎಸ್ಸೆಸ್ಸೆಲ್ಸಿ... ಅಷ್ಟೇ.

ಪರೀಕ್ಷೆ ಬಂದಾಗ ಅವಳಿಗೆ ಇನ್ನೊಂದು ಕೆಲಸ. ಕಣ್ಣು ಕಾಣದ ವಿದ್ಯಾರ್ಥಿಗಳು ಉತ್ತರ ಹೇಳುತ್ತಾರೆ. ಅವಳು ಪಕ್ಕದಲ್ಲಿ ಕೂತು ಬರೆಯುತ್ತಾಳೆ.

ಬರೆಯುವವರು ವಿದ್ಯಾರ್ಥಿಗಿಂತ ಕಡಿಮೆ ಓದಿರಬೇಕು ಎಂಬುದು ಆ ಕಾಲೇಜಿನ ನಿಯಮ. ಹೇಳಿದ್ದರಲ್ಲಿ ಒಂದು ಪದ ಸೇರಿಸುವಂತಿಲ್ಲ, ಬಿಡುವಂತಿಲ್ಲ.

ಅಂದರೆ... ಓದು ನಿಂತದ್ದೇ ಅವಳ ಅರ್ಹತೆ!

ಎಂಟು ವರ್ಷಗಳಲ್ಲಿ ಆರು ಮಂದಿ ಅವಳ ಅಕ್ಷರದಲ್ಲೇ ಪದವಿ ಪಡೆದರು.

"ಮಂದಿ ಮದಿವ್ಯಾಗ ಕುಣದಂಗಾತಲ್ಲ ನಿಂದು!" ಎಂದು ಟೀಚರ್ ಆಗಿರುವ ತಂಗಿ ಮೊನ್ನೆ ನಕ್ಕಳು. "ಅವ್ರು ಪಾಸಾಗಿ ಹೋದ್ರು... ನೀ ಅಲ್ಲೇ ಬೆಂಚಿನ ಮ್ಯಾಲ!"

ತಮಾಷೆಯ ಮಾತೇ. ಆದರೂ ನಾಟಿತು.

ಮರುದಿನ ಬಿ.ಎ. ಕೊನೆಯ ವರ್ಷದ ದಾಕ್ಷಾಯಿಣಿಯ ತತ್ವಶಾಸ್ತ್ರ ಪತ್ರಿಕೆ. ಮೂರು ವರ್ಷದಿಂದ ಆಕೆಗೆ ಬರೆಯುತ್ತಿದ್ದವಳು ಮಹಾನಂದಾ.

"ಇದೇ ಕಡೀದು ನೋಡವಾ. ಇನ್ನ ಮುಂದ ಯಾರಿಗೂ ಬರಿಯೂದಿಲ್ಲ."

"ಯಾಕ್ರಿ ಅಕ್ಕಾರ?"

"ನಾ ಏನೂ ಆಗ್ಲಿಲ್ಲವಾ... ಬರೇ ಮಂದಿಗೆ ಬರದ್ ಕೊಟ್ಟೆ."

ಅಷ್ಟರಲ್ಲಿ ಪರೀಕ್ಷೆಯ ಬೆಲ್ ಹೊಡೆಯಿತು.

ಕೊನೆಯ ಪ್ರಶ್ನೆಗೆ ಹತ್ತು ಅಂಕ. ಮಹಾನಂದಾ ಮೆಲ್ಲಗೆ ಓದಿದಳು: "ಕಥಾನಾಯಕನ ಪಯಣದಲ್ಲಿ ಯಶಸ್ಸು ಎಂದರೇನು? ಸಂತೋಷದೊಂದಿಗೆ ಅದರ ಸಂಬಂಧವನ್ನು ಉದಾಹರಣೆ ಸಹಿತ ಚರ್ಚಿಸಿ."

ದಾಕ್ಷಾಯಿಣಿ ಹೇಳತೊಡಗಿದಳು. "ನಾಯಕ ಊರು ಬಿಡುತ್ತಾನೆ, ಕಷ್ಟ ದಾಟುತ್ತಾನೆ, ಗಳಿಸಿದ್ದನ್ನು ಹೊತ್ತು ಮರಳುತ್ತಾನೆ. ಗಳಿಸಿದ್ದು ಯಶಸ್ಸು. ಹಂಚಿದಾಗ ಸಿಗುವುದು ಸಂತೋಷ..."

ಪೆನ್ನು ಸರಾಗವಾಗಿ ಓಡುತ್ತಿತ್ತು.

"ಉದಾಹರಣೆಗೆ, ನನಗೆ ಗೊತ್ತಿರುವ ಒಬ್ಬ ಮಹಿಳೆ ಹತ್ತನೇ ತರಗತಿಗೇ ಓದು ಬಿಟ್ಟಳು..."

ಪೆನ್ನು ನಿಂತಿತು.

"ಬರೀರಿ ಅಕ್ಕಾರ."

"ಏ ಹುಚ್ಚಿ, ಮಾರ್ಕ್ಸ್ ಹೋಗ್ತಾವ. ಪುಸ್ತಕದಾಗಿಂದು ಹೇಳು."

"ಹೇಳಿದ್ದು ಬರೀಬೇಕ್ರಿ. ರೂಲ್ಸ್ ನಂದಲ್ಲ."

"ಏನ್ರೀ ಅದು ಮಾತು?" ಮೇಲ್ವಿಚಾರಕರು ಗದರಿದರು.

ಮಹಾನಂದಾ ತಲೆ ತಗ್ಗಿಸಿದಳು. ಈಗ ಬರೆಯಲೇಬೇಕು... ದಾಕ್ಷಾಯಿಣಿ ಮುಂದುವರಿಸಿದಳು.

"ಆಕೆ ಊರು ಬಿಟ್ಟು ಹೋಗಲಿಲ್ಲ. ಒಬ್ಬೊಬ್ಬರನ್ನೇ ದಾಟಿಸಿ, ಮತ್ತೊಬ್ಬರಿಗಾಗಿ ಪ್ರತಿ ಸಲ ಮರಳಿ ಬಂದಳು."

"ಮೊದಲ ವರ್ಷದ ಪರೀಕ್ಷೆಯಲ್ಲಿ ನಾನು ಅಳುತ್ತಾ ಎದ್ದು ಹೋಗಲಿದ್ದೆ. ಆಕೆ ಏನೂ ಹೇಳಲಿಲ್ಲ, ಹೇಳುವಂತಿರಲಿಲ್ಲ. ಪೆನ್ನು ಹಿಡಿದು ಸುಮ್ಮನೆ ಕಾದಳು..."

"ನನಗೇ ನನ್ನ ಮೇಲೆ ಇಲ್ಲದ ನಂಬಿಕೆ, ಆ ಕಾಯುವಿಕೆಯಲ್ಲಿತ್ತು. ನಾನು ಉತ್ತರ ಹೇಳಿದೆ. ಪಾಸಾದೆ."

"ನಾನು ಕಂಡ ನಾಯಕಿ ಆಕೆ. ಆಕೆಗೆ ಮಾತ್ರ ಅದು ಗೊತ್ತಿಲ್ಲ."

ಅಕ್ಷರಗಳು ಮಂಜಾದವು. ಒಂದು ಹನಿ ಬಿದ್ದು ಶಾಯಿ ಹರಡಿತು...

"ಬರದ್ರೇನ್ರಿ ಅಕ್ಕಾರ?"

ಮಹಾನಂದಾ ಕೊನೆಯ ಚುಕ್ಕೆ ಇಟ್ಟಳು. "ಹ್ಞೂಂ... ಬರದೆ."

ಇಬ್ಬರೂ ಹೊರಗೆ ಬಂದರು. ದಾಕ್ಷಾಯಿಣಿ ಅವಳ ತೋಳು ಹಿಡಿದುಕೊಂಡಳು.

"ನಮ್ಮ ಹಾಸ್ಟೆಲ್‌ನ್ಯಾಗ ಜೂನಿಯರ್ ಒಬ್ಬಾಕಿ ಅದಾಳ್ರಿ. ಬುಧವಾರ ಹಿಸ್ಟರಿ ಪೇಪರ್. ಬರಿಯೋರು ಸಿಕ್ಕಿಲ್ಲ..."

ಮಹಾನಂದಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಎಷ್ಟ್ ಗಂಟಿಗೆ?"

*

ದಡ ಸೇರಿದವರಷ್ಟೇ ಅಲ್ಲ, ದಾಟಿಸಿದವರೂ ಗೆದ್ದವರೇ.

ನಿಮ್ಮ ಗೆಲುವಿನ ಉತ್ತರಪತ್ರಿಕೆ ಯಾರ ಕೈಬರಹದಲ್ಲಿದೆ... ಅದನ್ನು ಅವರಿಗೆ ಎಂದಾದರೂ ಹೇಳಿದ್ದೀರಾ?