ಮೂರನೆಯ ಡೆಸ್ಕ್‌ಟಾಪಿನ ಅಕ್ಕ

ಊರಿನ ಎಲ್ಲರಂತೆ ಶ್ರೀಪಾಲನೂ ಕಂಪ್ಯೂಟರಿನ ಪರದೆಗಳ ಹಾಗೆ ಸಾಲಾಗಿದ್ದ ಮೂರು ಡೆಸ್ಕ್‌ಟಾಪುಗಳಲ್ಲಿ ಬದುಕುತ್ತಿದ್ದ. ಮೊದಲನೆಯದರಲ್ಲಿ ಹೆಂಡತಿ, ಎರಡನೆಯದರಲ್ಲಿ ಆಫೀಸು, ಮೂರನೆಯದರಲ್ಲಿ ಹಾಸಿಗೆ ಹಿಡಿದ ಅಕ್ಕ ರೋಹಿಣಿ. ಮುಂಗೈಗೆ ಕಟ್ಟಿಕೊಂಡ ಕೀಬೋರ್ಡಿನಲ್ಲಿ ಕಂಟ್ರೋಲ್ ಜೊತೆ ಬಾಣದ ಗುರುತು ಒತ್ತಿದರೆ ಸಾಕು, ಒಂದರಿಂದ ಇನ್ನೊಂದಕ್ಕೆ ಹೋಗಿಬಿಡಬಹುದಿತ್ತು. ತಾಯಿಯಿಲ್ಲದ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಆ ಅಕ್ಕನೇ. ಆದರೇನು, ದಿನವೂ ಬೆಡ್‌ಪ್ಯಾನು ತೊಳೆದು ತೊಳೆದು ಅವನಿಗೆ ಸಾಕಾಗಿಹೋಗಿತ್ತು.

"ಇರಕ್ಕ, ಕಾಫಿ ತರ್ತೀನಿ," ಎಂದವನೇ ಕಂಟ್ರೋಲ್ ಜೊತೆ ಎಫ್ ಫೋರ್ ಒತ್ತಿ ಮೂರನೆಯದನ್ನು ಮುಚ್ಚಿಬಿಟ್ಟ. ಮುಚ್ಚಿದರೆ ಮುಗಿಯಿತು ಅಂದುಕೊಂಡಿದ್ದ ಪುಣ್ಯಾತ್ಮ! ಮುಚ್ಚಿದ್ದರಲ್ಲಿ ಇದ್ದದ್ದೆಲ್ಲ ಎಡಗಡೆಯದಕ್ಕೆ, ಅಂದರೆ ಎರಡನೆಯದಕ್ಕೆ, ಬಂದು ಬೀಳುತ್ತದೆ ಎಂಬುದು ಆತುರದಲ್ಲಿ ಮರೆತೇಹೋಗಿತ್ತು.

ಆಫೀಸಿನ ಮೀಟಿಂಗಿನ ನಟ್ಟನಡುವೆ ಅವನ ಪಕ್ಕದಲ್ಲೇ ರೋಹಿಣಿ ಮಂಚದ ಸಮೇತ ಬಂದಿಳಿದಳು, ಮಾಸಿದ ನೈಟಿಯಲ್ಲಿ.

"ಯಾರ್ರೀ ಇವ್ರು? ಯಾರ ಕಡೆಯವ್ರು?" ಎಂದರು ಮ್ಯಾನೇಜರು.

ಎಲ್ಲರೂ ಶ್ರೀಪಾಲನತ್ತ ತಿರುಗಿದರು.

"ಗೊತ್ತಿಲ್ಲ ಸಾರ್, ನಾನ್ ಯಾವತ್ತೂ ನೋಡಿಲ್ಲ."

ಅವನ ಕಾಲರು ಮಡಚಿಕೊಂಡಿತ್ತು. ಸರಿಮಾಡಲು ಎತ್ತಿದ ಕೈಯನ್ನು ರೋಹಿಣಿ ಹಾಗೇ ಇಳಿಸಿಕೊಂಡಳು.

"ಹೌದು ಸ್ವಾಮಿ, ನಂಗೂ ಇಲ್ಲಿ ಯಾರೂ ಗೊತ್ತಿಲ್ಲ."

"ದಿಕ್ಕಿಲ್ಲದೋರು ಅಂತಾಯ್ತು. ಶ್ರೀಪಾಲ್, ನಿಮಗೇ ಹತ್ರ ಇದ್ದಾರೆ, ಡಿಲೀಟ್ ಮಾಡಿ. ಮೀಟಿಂಗ್ ಮುಂದುವರೀಲಿ."

ಅವನ ಬೆರಳು ಡಿಲೀಟ್ ಕೀಲಿಯವರೆಗೆ ಹೋಗಿ ನಿಂತಿತು.

"ಏನೂ ಆಗಲ್ಲ, ಒತ್ತಿ ಸಾರ್," ಎಂದಳು ರೋಹಿಣಿ, ಚಿಕ್ಕಂದಿನಲ್ಲಿ ಅವನಿಗೆ ಕಹಿ ಔಷಧಿ ಕುಡಿಸುತ್ತಿದ್ದ ಅದೇ ದನಿಯಲ್ಲಿ.

ಶ್ರೀಪಾಲ ಒತ್ತಿದ.