ಖುದ್ದು ಹಾಜರಿ

“ಯಾರು ಏನೇ ಅಂದ್ರೂ ಕಾಲು ಅಲ್ಲಾಡಿಸಬ್ಯಾಡ,” ಎಂದು ದ್ರೌಪತಿ ಪಿಸುಗುಟ್ಟಿದಳು. ಬೆನ್ನ ಮೇಲಿದ್ದ ಮಗಳು ಹೂಂಗುಟ್ಟಿದಳು.

ಹುಮನಾಬಾದಿನ ಆ ವಸತಿ ಕಚೇರಿ ಹೆದ್ದಾರಿ ಪಕ್ಕದ ಬಾಡಿಗೆ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ಹಳೆಯ ಕಡತಗಳ ಗಂಟುಗಳನ್ನು ಪೇರಿಸಿದ್ದರು. ಎರಡನೇ ಮಹಡಿಯ ತಿರುವಿನಲ್ಲಿ ಹುಡುಗಿ, ಯಾರೂ ಕಾಣುತ್ತಿಲ್ಲ, ಇಳಿದು ನಡೆಯಲೇ ಎಂದು ಕೇಳಿದಳು. ದ್ರೌಪತಿ ಬೇಡವೆಂದಳು. ಕಚೇರಿಯವರ ಕಣ್ಣು ಎಲ್ಲಿರುತ್ತದೋ ಯಾರಿಗೆ ಗೊತ್ತು.

ಗಂಡ ಮಚ್ಚೇಂದ್ರ ಮೇಲೆ ಬರಲಿಲ್ಲ. ಹೋದ ತಿಂಗಳು ಇದೇ ಮೆಟ್ಟಿಲ ಮೇಲೆ ಬಿದ್ದು ಅವನ ಬಲಗೈ ಮುರಿದಿತ್ತು. ಈಗ ಬಾಡಿಗೆಗೆ ತಂದ ಆಟೊ ಬಿಟ್ಟು ಬರುವ ಹಾಗಿಲ್ಲ ಎಂದು ಕೆಳಗೇ ಕುಳಿತಿದ್ದ.

ದುಬಲಗುಂಡಿಯಲ್ಲಿ ಹೊಲದ ಕೂಲಿ ಮಾಡಿಕೊಂಡಿದ್ದ ಈ ದಂಪತಿ, ಅವನಿಗೆ ಔಷಧ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕ ಮೇಲೆ ಊರು ಬಿಟ್ಟು ಬಂದು ಹುಮನಾಬಾದಿನ ತಗಡಿನ ಶೆಡ್ಡೊಂದರಲ್ಲಿದ್ದರು. ಸರಕಾರಿ ಮನೆಗಳಿಗೆ ಚೀಟಿ ಎತ್ತಿದಾಗ ಅವರ ಹೆಸರು ಬಂತು. ಆದರೆ ಬಂದದ್ದು ಮೇಲಿನ ಮಹಡಿಯ ಮನೆ. ನಡೆಯಲಾರದ ಮಗಳಿದ್ದಾಳೆ, ಖಾಲಿ ಇರುವ ನೆಲಮಹಡಿಯ ಮನೆ ಕೊಡಿ ಎಂದು ಅರ್ಜಿ ಹಾಕಿದರು. ಎರಡು ಸಲ ಅರ್ಜಿ ವಾಪಸು ಬಂತು. ಎರಡು ಸಲವೂ ಒಂದೇ ಷರಾ: ಮಗು ಖುದ್ದು ಹಾಜರಿಲ್ಲ. ಇಂದು ಕೊನೆಯ ದಿನ. ತಪ್ಪಿದರೆ ಆ ಮನೆ ಬೇರೆಯವರ ಪಾಲು.

ಅಧಿಕಾರಿ ಧನರಾಜ ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವವರು. ಕಡು ಪ್ರಾಮಾಣಿಕರು. ಅರ್ಜಿದಾರರು ತರಿಸಿದ ಚಹಾ ಮುಟ್ಟರು, ಮನೆಯಿಂದ ತಂದ ಬಾಟಲಿಯ ನೀರನ್ನೇ ಕುಡಿಯುವರು. ಮೋಸಗಾರರೆಂದರೆ ಅವರಿಗೆ ಆಗದು. ಬಸವಕಲ್ಯಾಣದ ಕಚೇರಿಯಲ್ಲಿದ್ದಾಗ, ಕಿವುಡನೆಂದು ಬಂದವನ ಬೆನ್ನ ಹಿಂದೆ ‘ಹಾವು’ ಎಂದು ಕೂಗಿ ಹಿಡಿದುಹಾಕಿದ್ದರು. ಆ ಕಥೆ ಇಲ್ಲಿನ ಜವಾನರಿಗೂ ಬಾಯಿಪಾಠವಾಗಿತ್ತು.

ದ್ರೌಪತಿ ಹುಡುಗಿಯನ್ನು ಕುರ್ಚಿಯಲ್ಲಿ ಕೂರಿಸಿ ಅಂಗವಿಕಲರ ಕಾರ್ಡು ಮುಂದಿಟ್ಟಳು. ಕಾರ್ಡು ಮಾಡಿಸಿ ಆರು ವರ್ಷವಾಗಿತ್ತು. ಆದರೂ ಫೋಟೋದ ಮುಖಕ್ಕೂ ಎದುರಿಗಿದ್ದ ಮುಖಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಧನರಾಜರಿಗೆ ಸಮಾಧಾನವಾಯಿತು.

“ಎದ್ದು ನಿಂದ್ರಾಕ ಬರೂದಿಲ್ಲೇನು?”

“ನಮ್ಮ ವಿಶಾಖಾ ಹುಟ್ಟಿದಾಗಿಂದ ಒಂದು ಹೆಜ್ಜಿನೂ ಇಟ್ಟಿಲ್ರಿ ಸಾಹೇಬ್ರ.” ದ್ರೌಪತಿಯ ದನಿ ನಡುಗಲಿಲ್ಲ.

ಧನರಾಜ ಪೆನ್ನು ತೆಗೆದರು. ಸಹಿ ಮಾಡಲು ಬಾಗಿದವರ ಮೊಣಕೈ ತಾಗಿ ಬಾಟಲಿ ಉರುಳಿತು. ತಣ್ಣನೆಯ ನೀರು ಮೇಜಿನ ಅಂಚಿನಿಂದ ಹುಡುಗಿಯ ಪಾದಗಳ ಮೇಲೆ ಸುರಿಯಿತು.

ಹುಡುಗಿ ಚಂಗನೆ ಎದ್ದು ನಿಂತಳು. ಎರಡೂ ಕಾಲಿನ ಮೇಲೆ, ನೆಟ್ಟಗೆ.

ಧನರಾಜ ನಕ್ಕರು. ಮೊಣಕೈ ಸುಮ್ಮನೆ ತಾಗಿರಲಿಲ್ಲ. ‘ಮೋಸ. ಅರ್ಜಿ ತಿರಸ್ಕರಿಸಿದೆ’ ಎಂದು ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದರು. ಪೊಲೀಸರಿಗೂ ದೂರು ಕೊಡುವುದಾಗಿ ಹೇಳಿದರು. ಹುಡುಗಿ ಅಳತೊಡಗಿದಳು. ದ್ರೌಪತಿ ತನ್ನ ಸೆರಗಿನಿಂದ ಅವಳ ಪಾದ ಒರೆಸಿದಳೇ ಹೊರತು, ಸುಳ್ಳು ಹೇಳಲಿಲ್ಲವೆಂದು ವಾದಿಸಲಿಲ್ಲ.

“ಒಂದ್ಸಲ ಕೆಳಗ ಆಟೊ ತನಕ ಬರ್ರಿ ಸಾಹೇಬ್ರ,” ಎಂದಳು.

ಎರಡು ತಿಂಗಳಿಂದ ಗುಮಾಸ್ತನ ಮುಂದೆ ಅವಳು ಬೇಡಿಕೊಂಡದ್ದೂ ಇದನ್ನೇ. ಸಾಹೇಬರು ಯಾರ ಸಲುವಾಗಿಯೂ ಕೆಳಗಿಳಿಯುವುದಿಲ್ಲ, ಒಬ್ಬರಿಗೆ ಇಳಿದರೆ ಎಲ್ಲರಿಗೂ ಇಳಿಯಬೇಕಾಗುತ್ತದೆ ಎಂಬ ಉತ್ತರ ಬಂದಿತ್ತು. ಇವತ್ತು ಸಾಹೇಬರು ತಕ್ಷಣ ಎದ್ದರು. ದೂರಿನಲ್ಲಿ ಬರೆಯಲು ಆಟೊದ ನಂಬರು ಬೇಕಿತ್ತು, ಒಳಸಂಚಿನಲ್ಲಿದ್ದ ಗಂಡನನ್ನೂ ಕಣ್ಣಾರೆ ಕಾಣಬೇಕಿತ್ತು.

ಹುಡುಗಿ ಎರಡೆರಡು ಮೆಟ್ಟಿಲು ಹಾರುತ್ತ ಎಲ್ಲರಿಗಿಂತ ಮುಂದೆ ಇಳಿದಳು.

ಆಟೊದ ಹಿಂದಿನ ಸೀಟಿನಲ್ಲಿ, ಮಚ್ಚೇಂದ್ರನ ತೊಡೆಯ ಮೇಲೆ ತಲೆಯಿಟ್ಟು ಹದಿನೈದರ ಹುಡುಗಿಯೊಬ್ಬಳು ಮಲಗಿದ್ದಳು. ತಾಯಿಯಷ್ಟೇ ಉದ್ದ, ತುಂಬಿದ ಮೈ. ಸೆಟೆದುಕೊಂಡ ಕಾಲುಗಳು ಆಟೊದ ಹೊರಗೆ ಚಾಚಿದ್ದವು. ಅದೇ ಮುಖ, ಆರು ವರ್ಷ ದೊಡ್ಡದು. ಓಡಿಬಂದವಳು ಲಂಗದ ತುದಿಯಿಂದ ಅವಳ ಗಲ್ಲದ ಜೊಲ್ಲು ಒರೆಸಿದಳು.

“ಇಕಿ ವಿಶಾಖಾ ರೀ,” ಎಂದಳು ದ್ರೌಪತಿ. “ಮ್ಯಾಲೆ ಬಂದಾಕಿ ಇಕಿ ತಂಗಿ, ಪೂನಂ.”

ಧನರಾಜ ಕೈಯಲ್ಲಿದ್ದ ಅರ್ಜಿಯನ್ನು ಆಟೊದ ಸೀಟಿನ ಮೇಲಿಟ್ಟು, ತಾವು ಬರೆದ ಸಾಲನ್ನು ಹೊಡೆದುಹಾಕಿ, ನೆಲಮಹಡಿಯ ಮನೆಗೆ ಸಹಿ ಮಾಡಿದರು. ಕಡತಕ್ಕೆ ಒಂದು ಉತ್ತರ ಬೇಕಿತ್ತು. ಇವಳನ್ನೇ ಯಾಕೆ ಮೇಲೆ ಕರೆತರಲಿಲ್ಲ ಎಂದು ತಗ್ಗಿದ ದನಿಯಲ್ಲಿ ಕೇಳಿದರು.

“ಇಕೀನ್ನ ಮೂರು ಅಂತಸ್ತ ಹತ್ತಿಸಾಕ ಆಗ್ತಿದ್ರ,” ಎಂದಳು ದ್ರೌಪತಿ, “ಕೆಳಗಿನ ಮನಿ ಯಾಕ ಕೇಳ್ತಿದ್ವಿರಿ?”