ಬೆಂಚಿನ ಬಣ್ಣ

“ಚಿದಾನಂದ್, ಬಣ್ಣ ಹಂಗೇ ಇದೆ ತಾನೆ?”

ಬನಶಂಕರಿ ಬಡಾವಣೆಯ ಪರಮಶಿವಯ್ಯನವರ ಮನೆಯಂಗಳದಲ್ಲಿ ಬೆಂಚಿನ ಸಡಿಲವಾದ ಕಾಲಿಗೆ ಸ್ಕ್ರೂ ಬಿಗಿಯುತ್ತಿದ್ದ ಬಡಗಿಯ ಕೈ ನಿಂತಿತು. ಎರಡು ವರ್ಷದ ಹಿಂದೆ ಇದನ್ನು ಮಾಡಿಕೊಡುವ ಮೊದಲು, “ಹೀಟ್ ಟ್ರೀಟ್ಮೆಂಟ್ ಕೊಟ್ಟ ಮರ ಸಾರ್, ಓವನ್‌ನಲ್ಲಿ ಬೇಯಿಸಿರ್ತಾರೆ. ಬಿಸಿಲು ಮಳೆಗೆ ಬಣ್ಣ ಹೋಗೋದೇ ಇಲ್ಲ” ಎಂದಿದ್ದ. ಆಗಲೇ ಮಬ್ಬಾಗುತ್ತಿದ್ದ ಕಣ್ಣಿಗೆ ಸ್ಯಾಂಪಲ್ ತುಂಡನ್ನು ತೀರಾ ಹತ್ತಿರ ಹಿಡಿದು, ಹುರಿದ ಕಾಫಿ ಬೀಜದ ಆ ಬಣ್ಣವನ್ನು ಆರಿಸಿದ್ದರು ಪರಮಶಿವಯ್ಯ. ಈಗ ಅವರಿಗೆ ಹಗಲೂ ರಾತ್ರಿಯೂ ಒಂದೇ.

ಮರಕ್ಕೆ ಹುಳು ಹತ್ತಿರಲಿಲ್ಲ, ಹಲಗೆ ಸೊಟ್ಟಗಾಗಿರಲಿಲ್ಲ. ಬಣ್ಣ ಮಾತ್ರ ಸತ್ತು ಬೆಂಚು ಬೂದಿ ಬಳಿದಂತಿತ್ತು. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಬೇಕೆಂದು ಹೇಳಿದರೆ ಎಲ್ಲಿ ಬೇಡವೆನ್ನುತ್ತಾರೋ ಎಂದು ಅವನು ಅಂದು ಬಾಯಿ ಬಿಟ್ಟಿರಲಿಲ್ಲ.

“ಹಂಗೇ ಇದೆ ಸಾರ್, ಕಾಫಿ ಬೀಜದ ಥರಾನೇ.”

ಮುದುಕರು ಬಗ್ಗಿ ಹಲಗೆಯ ಮೇಲೆ ನಿಧಾನವಾಗಿ ಅಂಗೈ ಆಡಿಸಿದರು. ಬಿಸಿಲಿಗೆ ಒರಟಾಗಿ ಎದ್ದಿದ್ದ ಎಳೆಗಳು, ಸಣ್ಣ ಸಣ್ಣ ಬಿರುಕುಗಳು ಬೆರಳಿಗೆ ಒಂದೊಂದಾಗಿ ಸಿಕ್ಕವು. ಕೈ ಅಲ್ಲೇ ತಡೆಯಿತು.

“ಕಣ್ಣಿಗೇನೂ ಆಗಲ್ಲ ಅಂತ ಡಾಕ್ಟ್ರೂ ಹೇಳ್ತಿದ್ರಪ್ಪ,” ಎಂದರು. “ಇದೇ ದನೀಲಿ.”